ಕೆಂಪು ಗ್ರಹಕ್ಕೆ ದನಿ ಕೊಟ್ಟ ಅಬೇದಾಬಿ

ಅಬೇದಾಬಿಯ ತವರು ಹುಲಿಹೈದರ. ಅವಳ ಅಪ್ಪ ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ, ಸೋರುವ ಕೊಡಗಳಿಗೆ ಬೆಸುಗೆ ಹಾಕುತ್ತಿದ್ದ. ಕೊಡ ಹಿಡಿದುಕೊಂಡು ಕೂಡುವ ಕೆಲಸ ಮಗಳದು. ಎಲ್ಲಿ ತೂತಿದೆ ಎಂಬುದು ಅಪ್ಪನ ಕಣ್ಣಿಗಿಂತ ಮೊದಲು ಅವಳ ಬೆರಳಿಗೆ ತಿಳಿಯುತ್ತಿತ್ತಂತೆ.

ಹದಿನೇಳನೆಯ ವಯಸ್ಸಿಗೆ ಮದುವೆಯಾಗಿ ಕಾರಟಗಿಗೆ ಬಂದಳು. ಗಂಡ ಮರ್ದಾನಸಾಬ ನಮ್ಮೂರ ಟೆಂಟ್ ಟಾಕೀಸಿನ ಆಪರೇಟರ್. ಈಗಿಲ್ಲದ ನನ್ನ ಗಂಡ ಕರಿಬಸಪ್ಪ ಅದೇ ಟೆಂಟಿನ ಗೇಟು ಕಾಯುತ್ತಿದ್ದರು. ನಾನು ಹೊರಗೆ ಮಂಡಕ್ಕಿ, ಮಿರ್ಚಿ ಮಾರುತ್ತಿದ್ದೆ. ಹೀಗಾಗಿ ಇಲ್ಲಿ ಬರೆದದ್ದರಲ್ಲಿ ಹೆಚ್ಚಿನದು ನಾನೇ ಕಂಡದ್ದು. ಕಾಣದ್ದನ್ನು ಅಬೇದಾಬಿಯನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ.

ಟೆಂಟಿಗೆ ಬರುತ್ತಿದ್ದ ರೀಲುಗಳು ನಾಲ್ಕೂರು ಓಡಿ, ಹರಿದು ಬರುತ್ತಿದ್ದವು. ರೀಲಿನ ಎರಡೂ ಅಂಚಿಗೆ ಸಾಲಾಗಿ ಸಣ್ಣ ಚೌಕ ತೂತುಗಳಿರುತ್ತವೆ. ಮಷೀನಿನ ಹಲ್ಲು ಆ ತೂತಿಗೆ ಸಿಕ್ಕಿ ರೀಲನ್ನು ಎಳೆಯುತ್ತದೆ. ತೂತು ಹರಿದಲ್ಲಿ ಹಲ್ಲು ತಪ್ಪುತ್ತದೆ, ಪರದೆಯ ಮೇಲೆ ಚಿತ್ರ ಕುಣಿಯುತ್ತದೆ, ಆಮೇಲೆ ರೀಲೇ ತುಂಡಾಗುತ್ತದೆ. ಮರ್ದಾನಸಾಬ ಬೈದುಕೊಂಡು ಅಂಟು ಹಚ್ಚುತ್ತಿದ್ದ. ಮದುವೆಯಾದ ಮೂರನೆಯ ವಾರ ಹೊಸ ಹೆಂಡತಿ ಅವನ ಕೈಯಿಂದ ರೀಲು ಕಸಿದುಕೊಂಡು, "ಕೊಡಾ ಸೋರಿದ್ರ ಬೈದರ ನಿಲ್ಲತೈತೇನು? ಇತ್ಲಾಗ ಕೊಡು," ಎಂದಳು. ಅಂದಿನಿಂದ ರೀಲು ರಿಪೇರಿ ಅವಳದೇ ಆಯಿತು. ಹಳೆಯ ರೀಲಿನ ತುಣುಕಿನಿಂದ ಒಂದೊಂದೇ ತೂತು ಕತ್ತರಿಸಿ, ಹರಿದ ಜಾಗಕ್ಕೆ ಕೂಡಿಸಿ, ಅಂಟು ಹಾಕಿ, ಉಗುರಿನಿಂದ ಒತ್ತುತ್ತಿದ್ದಳು.

ಹೊಸ ಕನ್ನಡ ಸಿನಿಮಾ ಸಿಗದ ದಿನಗಳಲ್ಲಿ ಬಳ್ಳಾರಿಯ ಏಜೆಂಟ್ ಹಳೆಯ ಇಂಗ್ಲಿಷ್ ಚಿತ್ರ ಕಳಿಸುತ್ತಿದ್ದ. ಅದರಲ್ಲಿ ಮೂರು ಮಾತ್ರ ತಿರುಗಿ ಹೋಗಲೇ ಇಲ್ಲ. ಸವೆದು ಸವೆದು ಯಾರಿಗೂ ಬೇಡವಾಗಿ ನಮ್ಮಲ್ಲೇ ಉಳಿದವು. ಮೂರೂ ಬೇರೆ ಗ್ರಹಕ್ಕೆ ಹೋಗುವ ಕಥೆಗಳು. ಒಂದರಲ್ಲಿ ಚಂದ್ರನಿಗೆ ಹೋಗುತ್ತಾರೆ, ಇನ್ನೊಂದರಲ್ಲಿ ಮೋಡ ಮುಚ್ಚಿದ ಗ್ರಹಕ್ಕೆ. ಜನಕ್ಕೆ ಹುಚ್ಚು ಹಿಡಿಸಿದ್ದು ಮೂರನೆಯದು, ಕೆಂಪು ಗ್ರಹದ್ದು. ಚಿತ್ರವೆಲ್ಲ ಕಪ್ಪು ಬಿಳುಪು. ಬಂಡಿ, ಅಂದರೆ ರಾಕೆಟ್ಟು, ಆ ಗ್ರಹಕ್ಕೆ ಇಳಿದಾಗ ಮಾತ್ರ ಪರದೆ ಪೂರ್ತಿ ಕೆಂಪಾಗುತ್ತಿತ್ತು. ಬೆಳ್ಳಿ ಬಣ್ಣ ಬಳಿದ ರಾಕೆಟ್ಟಿನ ಬಾಲದಿಂದ ಸುರುಸುರುಬತ್ತಿಯಂಥ ಕಿಡಿ ಬರುತ್ತಿತ್ತು. ಒಳಗಿನವರು ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ತಲೆಕೆಳಗೆ ಮಾಡಿ ಹಾಕಿಕೊಂಡಂತೆ ಕಾಣುತ್ತಿದ್ದರು.

ಇಂಗ್ಲಿಷ್ ತಿಳಿಯದೆ ಜನ ಗದ್ದಲ ಮಾಡಿದರು. ಮರ್ದಾನಸಾಬ ಚಿತ್ರದ ದನಿ ಬಂದ್ ಮಾಡಿ, ಮೈಕು ಹಿಡಿದು ತಾನೇ ಅರ್ಥ ಹೇಳತೊಡಗಿದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಸಂಜೆ ಜ್ವರ ಬಂದು ಅವನ ಗಂಟಲು ಕಟ್ಟಿತು. ಮಷೀನಿನ ಕೋಣೆಯ ಒಳಗೆ ರೀಲು ಸುತ್ತುತ್ತಿದ್ದ ಅಬೇದಾಬಿ ಮೈಕು ತೆಗೆದುಕೊಂಡಳು. ಅವಳಿಗೆ ಆ ಚಿತ್ರದ ಪ್ರತಿ ತೂತೂ ಗೊತ್ತಿತ್ತು. ಯಾರು ಯಾವಾಗ ಬಾಯಿ ತೆರೆಯುತ್ತಾರೆ, ಯಾವಾಗ ಹುಬ್ಬು ಗಂಟಿಕ್ಕುತ್ತಾರೆ ಎಲ್ಲ ಬಾಯಿಪಾಠ. ಕ್ಯಾಪ್ಟನ್ನನ್ನು ಸುಬೇದಾರ ಎಂದಳು, ಮುದುಕ ವಿಜ್ಞಾನಿಯನ್ನು ಡಾಕ್ಟರ ಎಂದಳು, ಜೊತೆಗಿದ್ದ ಹೆಣ್ಣುಮಗಳನ್ನು ಮಾಸ್ತರಬಾಯಿ ಎಂದಳು. ಆ ಸಂಜೆ ಗದ್ದಲವೇ ಆಗಲಿಲ್ಲ.

ಟೆಂಟಿನ ಭೋಂಗಾ, ಅಂದರೆ ಲೌಡ್‌ಸ್ಪೀಕರ್, ಒಡೆದಿತ್ತು. ಅದರಲ್ಲಿ ಗಂಡಸಿನ ದನಿ, ಹೆಂಗಸಿನ ದನಿ ಒಂದೇ ತರಹ ಕೇಳುತ್ತಿತ್ತು. ಅಬೇದಾಬಿ ದನಿ ತಗ್ಗಿಸಿ ಮಾತಾಡುತ್ತಿದ್ದಳು. "ಮರ್ದಾನಸಾಬನ ಗಂಟಲಾ ಈಗ ಛಲೋ ಆಗೇತಿ," ಎಂದು ಜನ ಹೊಗಳಿಕೊಂಡು ಹೋದರು. ಕೋಣೆಯ ಒಳಗೆ ಕೂತವಳನ್ನು ಯಾರೂ ನೋಡಲಿಲ್ಲ. ಗಂಡನ ಜ್ವರ ಬಿಟ್ಟ ಮೇಲೂ ಮೈಕು ಅವಳ ಕೈಯಲ್ಲೇ ಉಳಿದು, ಇಪ್ಪತ್ತು ವರ್ಷ ಹಾಗೆಯೇ ನಡೆಯಿತು.

ನಮ್ಮ ಟೆಂಟಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಶ್ರೀರಾಮನಗರದ ಕಡೆಯಿಂದ ಕಾಲುವೆ ನೀರಿನ ಬೇಸಾಯ ಮಾಡುವ ಜನ ಗುಂಪು ಗುಂಪಾಗಿ ಸಿನಿಮಾಕ್ಕೆ ಬರುತ್ತಿದ್ದರು. ಅವರ ಕಡೆಯ ಬಸ್ಸು ಏಳೂವರೆಗೆ. ಕೆಂಪು ಗ್ರಹದ ಚಿತ್ರ ಐದು ಡಬ್ಬಿ. ಗ್ರಹಕ್ಕೆ ಇಳಿಯುವುದು ನಾಲ್ಕನೆಯ ಡಬ್ಬಿಯಲ್ಲಿ. ಅಷ್ಟು ಹೊತ್ತಿಗೆ ಬಸ್ಸು ಹೋಗಿಬಿಡುತ್ತಿತ್ತು. ಅವರು ಕೂಗಾಡಿದ್ದರಿಂದ ಮರ್ದಾನಸಾಬ ನಾಲ್ಕನೆಯ ಡಬ್ಬಿಯನ್ನು ಎರಡನೆಯದು ಮಾಡಿದ. ಮುಚ್ಚಳದ ಮೇಲೆ ಸುಣ್ಣದಿಂದ ದೊಡ್ಡದಾಗಿ ಎರಡು ಎಂದು ಬರೆದ. ಇಳಿಯುವುದನ್ನು ನೋಡಿಕೊಂಡು ಕಾಲುವೆಯ ಜನ ಬಸ್ಸಿಗೆ ಓಡುತ್ತಿದ್ದರು. ಉಳಿದವರಿಗೆ ಅಬೇದಾಬಿ ಕಥೆ ಹೊಂದಿಸಿದಳು. ಸುಬೇದಾರ ಕೆಂಪು ನೆಲದಲ್ಲಿ ಕೂತು ಊರು ನೆನೆಸಿಕೊಳ್ಳುತ್ತಾನೆ, ಬಂಡಿ ಕಟ್ಟಿದ್ದು, ಹಾರಿದ್ದು ಎಲ್ಲ ಅವನ ನೆನಪು ಎಂದಳು. ಯಾರಿಗೂ ಅನುಮಾನ ಬರಲಿಲ್ಲ.

ಮನೆಮನೆಗೆ ಟಿವಿ ಬಂತು, ಟೆಂಟು ಮುಚ್ಚಿತು. ಮಷೀನು, ಮೂರು ಚಿತ್ರಗಳ ಹದಿನೈದು ಡಬ್ಬಿ ಮರ್ದಾನಸಾಬನ ಪಾಲಿಗೆ ಉಳಿದವು. ಅವನ್ನು ಒಂದು ಅಕ್ಕಿ ಗಿರಣಿಯ ಗೋದಾಮಿನ ಮೂಲೆಯಲ್ಲಿ ಇಟ್ಟ. ಆಗಿನ ಗಿರಣಿಯ ಯಜಮಾನರು ಅವನ ಸ್ನೇಹಿತರು. ಮರ್ದಾನಸಾಬ ತೀರಿಕೊಂಡು ಈಗ ಹನ್ನೆರಡು ವರ್ಷ. ವರ್ಷಕ್ಕೆ ಎರಡು ಸಲ ಅಬೇದಾಬಿ ಗೋದಾಮಿಗೆ ಹೋಗಿ ಡಬ್ಬಿ ತೆರೆದು ಗಾಳಿಯಾಡಿಸಿ ಬರುತ್ತಿದ್ದಳು. ನಾನೂ ಜೊತೆಗೆ ಹೋಗುತ್ತಿದ್ದೆ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಹೋದಾಗ ಈಗಿನ ಯಜಮಾನ ವಿರುಪಣ್ಣ ಬಾಗಿಲಲ್ಲೇ ನಿಂತಿದ್ದ. ಐವತ್ತಾರರ ಮನುಷ್ಯ, ತಮಾಷೆಯ ಮಾತಿನವ, ಆದರೆ ಹಟಮಾರಿ.

"ಅಬೇದಮ್ಮಾ, ನಿಮ್ಮ ಡಬ್ಬಿ ಹುಳಿ ನಾರಾಕತ್ತಾವ. ಅಕ್ಕಿ ಚೀಲಕ್ಕ ವಾಸನಿ ಹಿಡದ್ರ ನನ್ನ ಅಕ್ಕಿ ಯಾರ ಉಣತಾರ?"

"ಸಿನಿಮಾ ಅದಾವ್ರಿ ಸಾವ್ಕಾರ್ರ, ಉಪ್ಪಿನಕಾಯಿ ಅಲ್ಲ."

"ಸಿನಿಮಾ ಅಂದ್ರ ಓಡಬೇಕು. ಇವು ಮೂವತ್ತೈದ ವರ್ಷದಿಂದ ಕುಂತಲ್ಲೇ ಕುಂತಾವ."

"ಓಡಸಿದ್ರ ಓಡತಾವ."

ಸುತ್ತ ನಿಂತ ಹಮಾಲರು ನಕ್ಕರು. ವಿರುಪಣ್ಣನಿಗೆ ಹುರುಪು ಬಂತು. "ಹಂಗಾರ ಆ ಕೆಂಪ ಗ್ರಹದ್ದೊಂದ ಓಡಸಿ ತೋರಸ್ರಿ. ಹೊಸಾ ಭತ್ತ ಬರೂದ್ರೊಳಗ ನನ್ನ ಗೋದಾಮ ಖಾಲಿ ಆಗಬೇಕು. ಡಬ್ಬಿ ಬದಲ ಮಾಡೂದ ಬಿಟ್ಟು ನಡುವ ಒಂದ ಸಲ ನಿಂತ್ರೂ, ಒಂದ ಸಲ ಹರದ್ರೂ, ಮರುದಿನ ಹದಿನೈದೂ ಗುಜರಿಗೆ. ಕಡೀತನಕ ಓಡ್ತಂದ್ರ, ಆಫೀಸಿನ ಹಿಂದಿನ ತಂಪ ಕೋಣಿ ಇವುಕ್ಕ ಬಿಟ್ಟುಕೊಡ್ತೀನಿ."

"ಮಾತಂದ್ರ ಮಾತ?"

"ಹಮಾಲ್ರ ಮುಂದ ಆಡೀನಲ್ಲಬೇ. ತಪ್ಪಿದ್ರ ಇವ್ರು ನನ್ನ ಸುಮ್ಮನ ಬಿಡ್ತಾರ?"

ದಾರಿಯಲ್ಲಿ ನಾನು ಕೇಳಿದೆ, "ಹಂಗ್ಯಾಕ ಒಪ್ಪಿದಿ? ಒಂದ ಸಲಾನೂ ಹರೀದಂಗ ಅಂದ್ರ ಟೆಂಟಿನ್ಯಾಗೂ ಆಗಿದ್ದಿಲ್ಲ."

"ಒಪ್ಪಲಿಲ್ಲಂದ್ರ ಇವತ್ತ ಹೋಗತಿದ್ವು ಪಂಪಾ. ಈಗ ಭತ್ತ ಬರೂತನಕ ನಲವತ್ತ ದಿನಾ ಸಿಕ್ಕಾವ," ಎಂದಳು.

ಆ ನಲವತ್ತು ದಿನ ಅವಳು ಬೇರೆ ಏನೂ ಮಾಡಲಿಲ್ಲ. ಬೆಳಗಿನ ಬಿಸಿಲು ಬೀಳುವ ಜಾಗದಲ್ಲಿ ಚಾಪೆ ಹಾಸಿ, ಕಾಲ ಮೇಲೆ ಬಿಳಿ ಬಟ್ಟೆ ಹರಡಿ ಕೂಡುತ್ತಿದ್ದಳು. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಆಗಿದೆ. ಆ ಕಣ್ಣಿನಿಂದ ನೋಡಿ, ಎಡಗೈ ಬೆರಳಿನಿಂದ ಅಂಚು ಸವರುತ್ತ ಹೋಗುತ್ತಿದ್ದಳು. ಬೆರಳು ನಿಂತಲ್ಲಿ ತೂತು ಹರಿದಿರುತ್ತಿತ್ತು. ಲೆಕ್ಕ ನನ್ನದು. ಮೊದಲ ಡಬ್ಬಿಯಲ್ಲಿ ಅರವತ್ತಮೂರು, ಬಂಡಿ ಕಟ್ಟುವ ಡಬ್ಬಿಯಲ್ಲಿ ಎಂಬತ್ತೆಂಟು, ಹಾರುವ ಡಬ್ಬಿಯಲ್ಲಿ ನೂರ ಹದಿನೇಳು, ತಿರುಗಿ ಬರುವ ಡಬ್ಬಿಯಲ್ಲಿ ಐವತ್ತನಾಲ್ಕು. ಜನ ಮತ್ತೆ ಮತ್ತೆ ಕೇಳಿ ಹಾಕಿಸಿದ್ದರಿಂದ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಗ್ರಹಕ್ಕೆ ಇಳಿಯುವ ಕೆಂಪು ಡಬ್ಬಿ. ಅದರಲ್ಲಿ ನಾನೂರ ಹನ್ನೆರಡು.

ರೀಲು ಒಣಗಿ ಸ್ವಲ್ಪ ಕುಗ್ಗಿತ್ತು. ತೂತಿಗೂ ಹಲ್ಲಿಗೂ ಸರಿಯಾಗಿ ಕೂಡುತ್ತಿರಲಿಲ್ಲ. ರೀಲು ಮೆತ್ತಗಾಗಲೆಂದು ಡಬ್ಬಿಯೊಳಗೆ ಕರ್ಪೂರದ ತುಂಡು ಇಟ್ಟು ಮುಚ್ಚಿದಳು. ಸರಾಗ ಜಾರಲೆಂದು ಅಂಚಿಗೆ ಮೇಣದ ಬತ್ತಿ ಸವರಿದಳು. ಇವೆರಡೂ ಮರ್ದಾನಸಾಬನಿಂದ ಕಲಿತ ವಿದ್ಯೆ.

ಮಷೀನಿನ ಕೆಲಸಕ್ಕೆ ಸಿದ್ದೇಶ ಸಿಕ್ಕ. ಯಲಬುರ್ಗಾದವನು, ನಮ್ಮೂರಲ್ಲಿ ವಿಜ್ಞಾನದ ಮಾಸ್ತರ. ಮಷೀನಿನ ಬೆಳಕಿಗಾಗಿ ಮೊದಲು ಉರಿಸುತ್ತಿದ್ದ ಕಾರ್ಬನ್ ಕಡ್ಡಿ ಈಗ ಸಿಗುವುದಿಲ್ಲ. ಅದರ ಜಾಗಕ್ಕೆ ಒಂದು ದೊಡ್ಡ ದೀಪ ಜೋಡಿಸಿಕೊಟ್ಟ. ರೀಲು ಏರಿಸುವುದನ್ನು ಅಬೇದಾಬಿ ಅವನಿಗೆ ಕಲಿಸಿದಳು. ಬೆಳಕು ಬೀಳುವ ಸಣ್ಣ ಕಿಟಕಿಯ ಮೇಲೊಂದು, ಕೆಳಗೊಂದು ಕಡೆ ರೀಲು ಸಡಿಲಾಗಿ ಬಾಗಿರಬೇಕು. ಕೆಳಗಿನ ಬಾಗು ಬಿಗಿದುಕೊಂಡರೆ ಚಿತ್ರ ಕುಣಿಯುತ್ತದೆ. ಹಾಗೇ ಬಿಟ್ಟರೆ ಎರಡು ನಿಮಿಷದಲ್ಲಿ ರೀಲು ಹರಿಯುತ್ತದೆ.

"ಬಿಗದ್ರ ಮಷೀನ್ ನಿಲ್ಲಸಬೇಕಲ್ರೀ?" ಎಂದ ಸಿದ್ದೇಶ.

"ನಿಲ್ಲಸದಂಗ ಬೆರಳಿಲೆ ಎಳದು ಸರಿ ಮಾಡಬೌದು. ನಮ್ಮವರು ಮಾಡತಿದ್ರು."

"ನನಗ ಬರತೈತ್ರಿ?"

"ಬಾಗು ಬಿಗೀದಂಗ ನೋಡಕೋ. ಆ ಪ್ರಸಂಗ ಬರದಿದ್ರ ಛಲೋ."

ಪ್ರದರ್ಶನ ಗಿರಣಿಯ ಭತ್ತ ಒಣಗಿಸುವ ಕಟ್ಟೆಯ ಮೇಲೆ. ನಾನು ಐದು ಬಿಳಿ ಧೋತರ ಸೇರಿಸಿ ಹೊಲಿದ ಪರದೆ. ಹೊತ್ತು ಮುಳುಗುವಷ್ಟರಲ್ಲಿ ಕಟ್ಟೆ ತುಂಬಿತು. ಶ್ರೀರಾಮನಗರದಿಂದ ಎರಡು ಟ್ರ್ಯಾಕ್ಟರಿನಲ್ಲಿ ಜನ ಬಂದರು. ಹೆಚ್ಚಿನವರು ತಲೆ ನೆರೆತವರು. ವಿರುಪಣ್ಣ ಮುಂದೆಯೇ ಕುರ್ಚಿ ಹಾಕಿಕೊಂಡಿದ್ದ.

ಮುದುಕಪ್ಪ ಎಂಬ ಹಳೆಯ ಹಮಾಲ ಎದ್ದು ನಿಂತು ಕೇಳಿದ, "ಸಿನಿಮಾ ಏನೋ ತಂದೀರಿ. ಮರ್ದಾನಸಾಬ ಹೋಗಿ ಹನ್ನೆರಡ ವರ್ಷ ಆತು. ಅರ್ಥಾ ಹೇಳಾವ್ರು ಯಾರು?"

ಅಬೇದಾಬಿ ಸೆರಗು ಸರಿಮಾಡಿಕೊಂಡು ಎಲ್ಲರ ಎದುರಿಗೆ ಮೈಕಿನ ಮುಂದೆ ಕೂತಳು. ಅಷ್ಟು ಜನರ ಮುಂದೆ ಅವಳು ಕೂತದ್ದು ಅದೇ ಮೊದಲು. ದನಿ ತಗ್ಗಿಸಿ, "ಕುಂತವ್ರು ಕೇಳ್ರಿ, ನಿಂತವ್ರು ಕುಂದರ್ರಿ. ಬಂಡಿ ಹೊಂಟೈತಿ, ಯಾರೂ ಇಳಿಯಂಗಿಲ್ಲ," ಎಂದಳು.

ಮುದುಕಪ್ಪ ಕೂಡುತ್ತಿದ್ದವನು ಅರ್ಧಕ್ಕೇ ನಿಂತ. "ಇದ ದನಿ. ಅವಾಗೂ ಈಕಿನ ಏನು?"

"ಅವಾಗೂ ನಾನ. ಈಗರ ಕುಂದರು ಮುದುಕಪ್ಪ, ಹಿಂದಿನವ್ರಿಗೆ ಕಾಣವಲ್ದು."

ಕಟ್ಟೆಯ ತುಂಬ ನಗೆ ಎದ್ದಿತು. ಮೊದಲ ಡಬ್ಬಿ ಓಡಿತು. ಡಾಕ್ಟರ ದುರ್ಬೀನಿನಲ್ಲಿ ಕೆಂಪು ಗ್ರಹ ನೋಡಿದ, ದೊಡ್ಡ ಸಾಹೇಬರು ಅವನನ್ನು ಗೇಲಿ ಮಾಡಿದರು, ಸುಬೇದಾರ ಮಾತ್ರ ನಂಬಿದ. ಒಂದು ಜೋಡಣೆಯೂ ಬಿಚ್ಚಲಿಲ್ಲ. ಸಿದ್ದೇಶ ಎರಡನೆಯ ಡಬ್ಬಿ ಏರಿಸಿದ. ಅಬೇದಾಬಿ ಗಂಟಲು ಸರಿಮಾಡಿಕೊಂಡಳು. ಈಗ ಬಂಡಿ ಇಳಿಯಬೇಕು, ಪರದೆ ಕೆಂಪಾಗಬೇಕು.

ಪರದೆಯ ಮೇಲೆ ಒಂದು ಕಾರ್ಖಾನೆ ಬಂತು. ಅರ್ಧ ಕಟ್ಟಿದ ರಾಕೆಟ್ಟಿನ ಪಕ್ಕೆಲುಬು ಕಾಣಿಸಿತು.

ಅಬೇದಾಬಿ ಮೈಕಿನಿಂದ ಮುಖ ಹಿಂದಕ್ಕೆ ಸರಿಸಿದಳು. ನಾನು ಮಷೀನಿನ ಹತ್ತಿರ ಖಾಲಿ ಚಕ್ರ ಹಿಡಿದು ಕೂತಿದ್ದೆ. ಸಿದ್ದೇಶನ ಮುಖ ನೋಡಿದೆ.

"ಡಬ್ಬಿ ಜಂಗ ಹಿಡದಿದ್ವು ಅಂತ ಮುಂಜಾನೆ ಹೊಸಾ ಡಬ್ಬಿಗೆ ಹಾಕೀನ್ರೀ," ಎಂದು ಅವನು ಪಿಸುಗುಟ್ಟಿದ. "ಮುಚ್ಚಳದ ಮ್ಯಾಲಿನ ನಂಬರು ತಪ್ಪಿದ್ವು. ರೀಲಿನ ತುದಿಗೆ ಬರದದ್ದ ನೋಡಿ ಸರಿಯಾಗಿ ಜೋಡಸೀನಿ."

ಪಾಪ, ಅವನು ಮಾಡಿದ್ದು ಸರಿಯೇ. ಚಿತ್ರ ಮಾಡಿದವರ ಲೆಕ್ಕದಲ್ಲಿ ಅದು ಸರಿ, ಕಾರಟಗಿಯ ಲೆಕ್ಕದಲ್ಲಿ ತಪ್ಪು. ಈಗ ಬದಲಿಸಬೇಕೆಂದರೆ ಮಷೀನು ನಿಲ್ಲಿಸಬೇಕು. ನಿಲ್ಲಿಸಿದರೆ ಹದಿನೈದು ಡಬ್ಬಿಯೂ ಹೋದವು. ಜನ ಗುಜುಗುಜು ಎನ್ನತೊಡಗಿದರು.

"ಯಾಕ, ಇನ್ನೂ ಇಳೀಲಿಲ್ಲಲ್ಲ ಅಂತೀರೇನು?" ಎಂದಳು ಅಬೇದಾಬಿ. "ಹೋಗೂದಂದ್ರ ಸುಮ್ಮನ ಅಲ್ರೀ. ಮೊದಲ ಬಂಡಿ ಕಟ್ಟಬೇಕು. ಇಷ್ಟ ವರ್ಷ ನಿಮಗ ಇಳಿಯೂದಷ್ಟ ತೋರಸೀವಿ. ಇವತ್ತ ಕಷ್ಟಾನೂ ನೋಡ್ರಿ."

ಅಲ್ಲಿಂದ ಅವಳು ಹಿಂದೆಂದೂ ಹೇಳದ ಕ್ರಮದಲ್ಲಿ ಕಥೆ ಹೇಳಿದಳು. ಸುಬೇದಾರನ ನೆನಪು ಎಂದು ಹೇಳುತ್ತಿದ್ದುದೆಲ್ಲ ಈಗ ಕಣ್ಣ ಮುಂದೆ ನಡೆಯುವುದಾಯಿತು. ಬಂಡಿಗೆ ತಗಡು ಹೊಡೆದರು. ಮಾಸ್ತರಬಾಯಿಯನ್ನು ಕರೆದೊಯ್ಯಲು ಗಂಡಸರು ಒಪ್ಪಲಿಲ್ಲ. ಅವಳು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿ ಅವರ ಬಾಯಿ ಮುಚ್ಚಿಸಿದಳು. ನಮ್ಮ ಹೆಂಗಸರು ಚಪ್ಪಾಳೆ ತಟ್ಟಿದರು. ಮೂರನೆಯ ಡಬ್ಬಿಯಲ್ಲಿ ಬಂಡಿ ಹಾರಿತು. ಬಾಲದ ಕಿಡಿಯ ಹೊಗೆ ಮೇಲಕ್ಕೆ ಹೋಗುತ್ತಿದ್ದುದನ್ನು ನೋಡಿ, ಗಾಳಿಯಿಲ್ಲದ ಕಡೆ ಹೊಗೆ ಹಾಗೆ ಏರುವುದಿಲ್ಲ ಎಂದು ಬಲ್ಲ ಸಿದ್ದೇಶ ತಲೆ ಅಲ್ಲಾಡಿಸಿದ.

ನಾನು ವಿರುಪಣ್ಣನನ್ನು ನೋಡಿದೆ. ಕುರ್ಚಿಯ ತುದಿಗೆ ಬಂದಿದ್ದ. ಅವನು ಹುಟ್ಟಿ ಬೆಳೆದದ್ದು ಶ್ರೀರಾಮನಗರದಲ್ಲಿ. ಅಪ್ಪನ ಜೊತೆ ಬಂದು ಈ ಚಿತ್ರವನ್ನು ಒಂಬತ್ತು ಸಲ ನೋಡಿದ್ದನಂತೆ, ಒಂಬತ್ತೂ ಸಲ ಬಸ್ಸಿಗೆ ಓಡಿದ್ದ. ಡಬ್ಬಿ ಬದಲಿಸುವ ಹೊತ್ತಿಗೆ ಎದ್ದು ಬಂದು, "ಅಬೇದಮ್ಮಾ, ಅವ್ರು ತಿರುಗಿ ಬಂದ್ರೋ ಇಲ್ಲೋ? ಅದೊಂದ ಹೇಳಿಬಿಡ್ರಿ," ಎಂದ.

"ಅದು ರೀಲಿನ ಕೈಯಾಗ ಐತ್ರಿ ಸಾವ್ಕಾರ್ರ. ನಡುವ ಹರದ್ರ ಅವ್ರು ಅಲ್ಲೇ ಉಳೀತಾರ, ಇವು ಗುಜರಿಗೆ ಹೋಗತಾವ."

ವಿರುಪಣ್ಣ ತಲೆ ಕೆರೆದುಕೊಂಡು ಹೋಗಿ ಕೂತ.

ಈಗ ಕೆಂಪು ಡಬ್ಬಿ. ಎರಡನೆಯದಾಗಿ ಓಡಿದ್ದರೆ ಮಷೀನು ಇನ್ನೂ ತಣ್ಣಗಿರುತ್ತಿತ್ತು. ಈಗ ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು. ನಾನೂರ ಹನ್ನೆರಡು ಜೋಡಣೆ ಆ ಬಿಸಿಯಲ್ಲಿ ಹಾಯಬೇಕು. ನಾನು ಬೀಸಣಿಕೆ ಹಿಡಿದು ಮಷೀನಿಗೆ ಗಾಳಿ ಹಾಕುತ್ತಿದ್ದೆ.

ಪರದೆ ಕೆಂಪಾಯಿತು. ಕಟ್ಟೆಯ ಮೇಲಿನ ಮುಖಗಳೆಲ್ಲ ಕೆಂಪಾದವು.

"ಇಳದ್ರು," ಎಂದಳು ಅಬೇದಾಬಿ. "ನೆಲಾ ನೋಡ್ರಿ, ಕುಷ್ಟಗಿ ಕಡೆ ಕೆಂಪ ಮಸಾರಿ ಹೊಲ ಇದ್ದಂಗ ಐತಿ. ಬಾವಿ ಇಲ್ಲ, ಕಾಲುವಿ ಇಲ್ಲ."

"ನಮ್ಮ ಬೀಗರ ಊರು ಬಂತು," ಎಂದು ಟ್ರ್ಯಾಕ್ಟರಿನ ಕಡೆಯಿಂದ ಯಾರೋ ಕೂಗಿದರು.

ಏಳೆಂಟು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಮಷೀನಿನ ಸದ್ದು ಬದಲಾಯಿತು. ಕಟಕಟ ಎನ್ನುತ್ತಿದ್ದದ್ದು ಚಟಚಟ ಎನ್ನತೊಡಗಿತು. ಪರದೆಯ ಮೇಲೆ ಸುಬೇದಾರ ನಡುಗಿದ, ಬೆಟ್ಟ ನಡುಗಿತು. ಕೆಳಗಿನ ಬಾಗು ಬಿಗಿದಿತ್ತು. ಸಿದ್ದೇಶನ ಕೈ ಸ್ವಿಚ್ಚಿನ ಮೇಲೆ ಹೋಯಿತು.

ಅಬೇದಾಬಿ ನಮ್ಮಿಂದ ಮೂವತ್ತು ಹೆಜ್ಜೆ ದೂರ ಕೂತಿದ್ದಳು. ಹಿಂದೆ ತಿರುಗಲಿಲ್ಲ, ಕೂಗಲಿಲ್ಲ. ಮೈಕಿನಲ್ಲಿ ಅದೇ ದನಿಯಲ್ಲಿ ಹೇಳಿದಳು:

"ಬಿರುಗಾಳಿ ಎದ್ದೈತಿ. ಬಂಡಿ ನಡಗಾಕತ್ತೈತಿ. ಸುಬೇದಾರ ಏನಂದ? ಏ ಡಾಕ್ಟರಾ, ಗಾಬರಿ ಆಗಬ್ಯಾಡ. ಬಂಡಿ ನಿಲ್ಲಸಬ್ಯಾಡ. ಸ್ವಿಚ್ಚಿನ ಮ್ಯಾಲಿಂದ ಕೈ ತಗಿ."

ಸಿದ್ದೇಶ ಕೈ ತೆಗೆದ.

"ಕಿಟಕಿ ಕೆಳಗ ನೋಡು. ಬಾಗು ಬಿಗದೈತಿ. ತೋರಬೆರಳ ಒಳಗ ಹಾಕು. ಹಲ್ಲಿಗೆ ಕೈ ಕೊಟ್ಟೀ, ಹುಷಾರು. ಬೆರಳಿಲೆ ಮೆಲ್ಲಕ ಕೆಳಗ ಎಳಿ. ಇನ್ನೊಂದೀಟ. ಹಾಂ, ಈಗ ಬಿಡು."

ಸಿದ್ದೇಶ ಎಳೆದು ಬಿಟ್ಟ. ಬಾಗು ಸಡಿಲಾಯಿತು. ಚಟಚಟ ನಿಂತು ಮತ್ತೆ ಕಟಕಟ ಬಂತು. ಪರದೆಯ ಮೇಲೆ ಬೆಟ್ಟ ನೆಟ್ಟಗೆ ನಿಂತಿತು.

"ಬಂಡಿ ಉಳೀತು," ಎಂದಳು ಅಬೇದಾಬಿ. "ಡಾಕ್ಟರ ಶಾಣ್ಯಾ ಅದಾನ."

ಇಡೀ ಕಟ್ಟೆ ಚಪ್ಪಾಳೆ ತಟ್ಟಿತು. ಅವರು ತಟ್ಟಿದ್ದು ಪರದೆಯ ಮೇಲಿನ ಡಾಕ್ಟರನಿಗೆ. ಸಿದ್ದೇಶ ಮಷೀನಿನ ಹಿಂದೆ ನಿಂತು, ಸುಟ್ಟ ಬೆರಳು ಬಾಯಿಗೆ ಹಾಕಿಕೊಂಡು ನಗುತ್ತಿದ್ದ.

ಐದನೆಯ ಡಬ್ಬಿಗೆ ತಕರಾರಿರಲಿಲ್ಲ. ಬಂಡಿ ಭೂಮಿಗೆ ಮರಳಿತು. ಸುಬೇದಾರ ಇಳಿದ, ಡಾಕ್ಟರ ಇಳಿದ, ಕಡೆಗೆ ಮಾಸ್ತರಬಾಯಿ ಕೈಯಲ್ಲಿ ಒಂದು ಕಲ್ಲು ಹಿಡಿದುಕೊಂಡು ಇಳಿದಳು. ರೀಲಿನ ತುದಿ ಚಕ್ರದ ಮೇಲೆ ಪಟಪಟ ಬಡಿಯಿತು. ಪರದೆ ಬಿಳಿಯಾಯಿತು. ಒಂದು ಸಲವೂ ನಿಂತಿರಲಿಲ್ಲ, ಒಂದು ಸಲವೂ ಹರಿದಿರಲಿಲ್ಲ.

ವಿರುಪಣ್ಣ ಎದ್ದು ಕಣ್ಣೊರೆಸಿಕೊಂಡ. "ಬಂದ್ರಲ್ಲಬೇ, ಮೂರೂ ಮಂದಿ ಬಂದ್ರು," ಎಂದ. ಆಮೇಲೆ ಹಮಾಲರ ಕಡೆ ತಿರುಗಿ, "ನಾಳೆ ಮುಂಜಾನೆ ಕೋಣಿ ಖಾಲಿ ಮಾಡ್ರಿ," ಎಂದ.

"ಸುಣ್ಣಾ ಬಳೀಬೇಕ್ರಿ," ಎಂದಳು ಅಬೇದಾಬಿ. "ಪಡುವಣ ಕಿಟಕಿ ಮುಚ್ಚಬೇಕು, ಬಿಸಲ ಬೀಳತೈತಿ. ನೆಲದ ಮ್ಯಾಲೆ ಇಡಂಗಿಲ್ಲ, ಹಲಗಿ ಬೇಕು."

"ಕೋಣಿ ಕೇಳಿದ್ರೋ, ಅರಮನಿ ಕೇಳಿದ್ರೋ?"

"ನೀವ ಮಾತ ಕೊಟ್ಟೀರಿ. ನಾ ಏನ ಕೇಳೀನಿ?"

ಮುದುಕಪ್ಪ ಎಲ್ಲರಿಗಿಂತ ಮೊದಲು ನಕ್ಕ.

ಕೋಣೆ ಸಿದ್ಧವಾಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಡಬ್ಬಿಗಳು ಗೋದಾಮಿನಿಂದ ಹೊರಟವು. ಕ್ವಿಂಟಲ್ ಚೀಲವನ್ನು ಹೂವಿನಂತೆ ಹೊರುವ ಹಮಾಲರಿಗೆ ತಲೆಗೊಂದೇ ಡಬ್ಬಿ, ಅದೂ ಎರಡೂ ಕೈಯಲ್ಲಿ ತಟ್ಟೆಯಂತೆ ಹಿಡಿಯಬೇಕು, ಓರೆ ಮಾಡಬಾರದು ಎಂದು ಅಬೇದಾಬಿಯ ಹುಕುಂ. ಹದಿನೈದು ಜನ ಸಾಲಾಗಿ ಅಂಗಳ ದಾಟಿದರು. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು.

"ಯಾರ ಮದುವಿ ರುಕ್ಕೋತ್ರಿ ಇದು?" ಎಂದು, ಬೀಗರಿಗೆ ಒಯ್ಯುವ ತಿಂಡಿಯ ತಟ್ಟೆಗಳೆಂದುಕೊಂಡು, ಯಾರೋ ಕೇಳಿದರು.

"ಮಾತಾಡಸಬ್ಯಾಡ್ರಿ," ಎಂದ ಮುದುಕಪ್ಪ. "ಚಂದ್ರ ನನ್ನ ಕೈಯಾಗ ಅದಾನ."

ಅಬೇದಾಬಿ ಎಲ್ಲರ ಮುಂದೆ ನಡೆಯುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದೊಂದೇ ಡಬ್ಬಿ ಮುಟ್ಟಿ ಒಳಗೆ ಬಿಟ್ಟಳು. ಹದಿನೈದನೆಯದು ಹಲಗೆ ಏರಿದ ಮೇಲೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮೋಡದ ಗ್ರಹದ್ದು ನಾಳೆ ಬಿಚ್ಚೂಣು ಪಂಪಾ. ಬಿಳೀ ಬಟ್ಟಿ ಒಗದಿಡು," ಎಂದಳು.